ಅನ್‌ಲಿಮಿಟೆಡ್ ಪ್ಲಾನು, ತಿಂಗಳ ಕೊನೆ

ಇಪ್ಪತ್ತನೇ ತಾರೀಖು ದಾಟಿದರೆ ಸಾಕು, ನಮ್ಮ ಮನೆಯ ಇಂಟರ್ನೆಟ್ ತೆವಳೋಕೆ ಶುರು. ಪ್ಲಾನಿನ ಹೆಸರೇನೋ ಅನ್‌ಲಿಮಿಟೆಡ್. ಆದರೆ ಸಣ್ಣಕ್ಷರದಲ್ಲಿ ಎಫ್‌ಯುಪಿ (ಪೂರ್ತಿ ವೇಗದಲ್ಲಿ ಬಳಸೋಕೆ ಇರೋ ಡೇಟಾ ಮಿತಿ) ಅಂತ ಒಂದು ಸಾಲು ಇರುತ್ತೆ. ಅಲ್ಲಿ ಹೇಳಿದಷ್ಟು ಜಿಬಿ ಮುಗಿದ ಕೂಡಲೇ 60 ಎಂಬಿಪಿಎಸ್ ಇದ್ದ ವೇಗ 2ಕ್ಕೆ ಬಂದು ಕೂರುತ್ತೆ. ಆ ವೇಗದಲ್ಲಿ ಒಂದು ಜಿಬಿ ಇಳಿಸೋಕೆ ಗಂಟೆಗೂ ಮೇಲೆ ಬೇಕು, ಅದೂ ಮನೆಯಲ್ಲಿ ಬೇರೆ ಯಾರೂ ನೆಟ್ ಮುಟ್ಟದಿದ್ದರೆ.

ನಿನ್ನೆ ಸಂಜೆ ಮಗಳ ಪಿಯುಸಿ ಫಿಸಿಕ್ಸ್ ಕ್ಲಾಸು. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬಿಡಿಸ್ತಾ ಇದ್ದವರು ಹಾಗೇ ನಿಂತುಬಿಟ್ಟರು, ಅಂಕಿಗಳೆಲ್ಲ ಚೌಕ ಚೌಕವಾಗಿ ಒಡೆದುಹೋದವು. ದನಿ ವಾಪಸ್ ಬರೋ ಹೊತ್ತಿಗೆ ಅವರು ಮುಂದಿನ ಲೆಕ್ಕಕ್ಕೆ ಹೋಗಿದ್ದರು. ಅವಳು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, "ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಮೇಡಂ" ಅಂದರು. ಪಾಪ, ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟಿರೋದು ನಿಯಮದ ಮೇಲೆ. ಮಿತಿ ಮುಗಿದ ಮೇಲೂ 512 ಕೆಬಿಪಿಎಸ್‌ಗಿಂತ (ಸುಮಾರು ಅರ್ಧ ಎಂಬಿಪಿಎಸ್) ಕಡಿಮೆ ಕೊಡಬಾರದು ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2016ರಲ್ಲಿ ಹೇಳಿತು. 2023ರಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳೋಕೆ ಬೇಕಾದ ಕನಿಷ್ಠ ವೇಗ 2 ಎಂಬಿಪಿಎಸ್ ಆಯ್ತು. ಅಂದ್ರೆ ಕಂಪನಿಯವರು ಕಾಗದದ ಮೇಲೆ ಸರಿಯಾಗೇ ಇದ್ದಾರೆ. ಪಾಠ, ಬ್ಯಾಂಕು, ಪರೀಕ್ಷೆ ಅರ್ಜಿ ಎಲ್ಲಾ ಇದೇ ತಂತಿಯಲ್ಲಿ ಬರೋ ಕಾಲದಲ್ಲಿ ಮೂರ್ನಾಲ್ಕು ಜನ ಇರೋ ಮನೆಗೆ ಅಷ್ಟು ಸಾಕಾ? ಬಿಲ್ಲಂತೂ 18% ಜಿಎಸ್‌ಟಿ ಸೇರಿಸಿ ಪೂರ್ತಿ ಬರುತ್ತೆ.

ಅನ್‌ಲಿಮಿಟೆಡ್ ಅಂತ ಬರೆದಷ್ಟೇ ದಪ್ಪ ಅಕ್ಷರದಲ್ಲಿ ಆ ಮಿತಿಯನ್ನೂ ಬರೀಲಿ. ಇಷ್ಟನ್ನೇ ಇವತ್ತು ದೂರಿನಲ್ಲಿ ಬರೆದು ಕಳಿಸಿದೀನಿ.