ಜರ್ಮನ್ ಭಾಷೆಯ ನೆಂಟಸ್ತಿಕೆಯ ಪದಗಳು

ಜರ್ಮನ್ ಕಲಿಕೆಯ ಎ1 ಎಂಬ ಮೊಟ್ಟಮೊದಲ ಹಂತದಲ್ಲೇ ಕುಟುಂಬದ ಪದಗಳು ಎದುರಾಗುತ್ತವೆ. ಫಾಟರ್ (ತಂದೆ), ಮುಟರ್ (ತಾಯಿ), ಬ್ರೂಡರ್ (ಅಣ್ಣ ಅಥವಾ ತಮ್ಮ), ಶ್ವೆಸ್ಟರ್ (ಅಕ್ಕ ಅಥವಾ ತಂಗಿ) ಎಂಬಿವನ್ನು ಬಾಯಿಪಾಠ ಮಾಡುವುದು ಸುಲಭ. ಆದರೆ ಪ್ರತಿಯೊಂದನ್ನೂ ಅದರ ಲಿಂಗವನ್ನು ತೋರಿಸುವ ‘ಡೆರ್’, ‘ಡೀ’ ಅಥವಾ ‘ಡಾಸ್’ ಜೊತೆಗೆ, ಬಹುವಚನದ ಸಮೇತ ಕಲಿಯಬೇಕೆಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಬ್ರೂಡರ್ ಬಹುವಚನದಲ್ಲಿ ಒಳಗಿನ ಸ್ವರವನ್ನಷ್ಟೇ ಬದಲಿಸಿಕೊಂಡರೆ, ಶ್ವೆಸ್ಟರ್ ತನ್ನ ಕೊನೆಗೆ ‘ನ್’ ಸೇರಿಸಿಕೊಳ್ಳುತ್ತದೆ.

ಮದುವೆಯಿಂದ ಬರುವ ಸಂಬಂಧಗಳ ಹೆಸರುಗಳು ನನಗೆ ಬಹಳ ಇಷ್ಟ. ‘ಶ್ವೀಗರ್’ ಎಂಬ ಪೂರ್ವಪದ ಒಂದು ತಿಳಿದರೆ ಸಾಕು, ಫಾಟರ್ ಮಾವನಾಗುತ್ತಾನೆ, ಮುಟರ್ ಅತ್ತೆಯಾಗುತ್ತಾಳೆ, ಮಗನನ್ನು ಸೂಚಿಸುವ ‘ಝೋನ್’ ಅಳಿಯನಾಗುತ್ತಾನೆ. ಭಾವ, ಮೈದುನರಿಗೆ ಮಾತ್ರ ‘ಶ್ವಾಗರ್’ ಎಂಬ ಬೇರೆ ಪದವೇ ಇದೆ. ಅಣ್ಣನೆಂದು ಸ್ಪಷ್ಟಪಡಿಸಲು ಬ್ರೂಡರ್‌ಗೆ ಮೊದಲು ‘ದೊಡ್ಡ’ ಎಂಬರ್ಥದ ‘ಗ್ರೋಸರ್’ ಸೇರಿಸಬಹುದು.