ಐದೇ ಕರಿ ಮನೆಗಳು: ಹಾಡುಗಳೊಂದಿಗೆ ಬಂದ ಪ್ರೇಮ ಕಾದಂಬರಿಯನ್ನು ತಿದ್ದಿದ ಅನುಭವ

ದಾವಣಗೆರೆಯ ಒಂದು ಸಣ್ಣ ಪ್ರಕಾಶನದಲ್ಲಿ ನಾನು 11 ವರ್ಷಗಳಿಂದ ಹಸ್ತಪ್ರತಿ ತಿದ್ದುವ ಮತ್ತು ಪುಟ ಕಟ್ಟುವ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ಹೆಚ್ಚಾಗಿ ಅಚ್ಚಾಗುವುದು ವಚನ ವ್ಯಾಖ್ಯಾನ, ಅಭಿನಂದನ ಗ್ರಂಥ, ಶಾಲೆಗಳ ಸ್ಮರಣ ಸಂಚಿಕೆ, ವರ್ಷಕ್ಕೆ ಒಂದೆರಡು ಕವನ ಸಂಕಲನ. ಹೀಗಿರುವಾಗ ಕಳೆದ ವರ್ಷ ಒಬ್ಬ ಲೇಖಕಿ ತಮ್ಮ ಪ್ರೇಮ ಕಾದಂಬರಿಯ ಹಸ್ತಪ್ರತಿಯನ್ನು ಮೇಜಿನ ಮೇಲಿಟ್ಟು, ಇದಕ್ಕೆಂದೇ ಏಳು ಹಾಡುಗಳನ್ನು ಹೊಸದಾಗಿ ಮಾಡಿಸಬೇಕು, ಓದುಗರು ಪುಟದಲ್ಲಿರುವ ಕ್ಯೂಆರ್ ಕೋಡಿಗೆ ಫೋನು ಹಿಡಿದು ಅವನ್ನು ಕೇಳುವಂತಿರಬೇಕು ಎಂದರು. ನಮ್ಮ ಮಾಲೀಕರು ಖರ್ಚು ಎಷ್ಟೆಂದು ಕೇಳಿದರು. ನಾನು ಕಥೆ ಏನೆಂದು ಕೇಳಿದೆ.

ಕಥೆ ಸರಳವಾಗಿತ್ತು. ನಾಯಕಿ ಭದ್ರಾ ನಾಲೆಯ ಅಚ್ಚುಕಟ್ಟಿನ ಭತ್ತದ ಊರಿನವಳು. ದಾವಣಗೆರೆಯ ಜವಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ, ಮಾತು ಶುರುಮಾಡಿದರೆ ನಿಲ್ಲಿಸುವವಳಲ್ಲ. ನಾಯಕ ಚಳ್ಳಕೆರೆ ಸೀಮೆಯ ಶೇಂಗಾ ಹೊಲದವನು. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ನಿರ್ವಹಣೆ ಅವನ ಉದ್ಯೋಗ, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟರೆ ಅದೇ ಹೆಚ್ಚು. ಅವಳು ನೀರಾದರೆ ಅವನು ಧೂಳು, ಅವಳು ಗಲಾಟೆಯಾದರೆ ಅವನು ಮೌನ, ಅವಳು ಸಾಲ ಮಾಡಿಯಾದರೂ ಸೀರೆ ಕೊಳ್ಳುವವಳಾದರೆ ಅವನು ಮೂರು ಅಂಗಿಗಳಲ್ಲಿ ವರ್ಷ ಕಳೆಯುವವನು. ಮೊದಲ ಕರಡಿನ ಪ್ರತಿ ಅಧ್ಯಾಯದಲ್ಲಿಯೂ ಇಂಥ ಒಂದು ಜೋಡಿ ಇತ್ತು. ಇದು ನನಗೆ ಕಾದಂಬರಿಯ ಗಟ್ಟಿತನವಾಗಿಯೇ ಕಂಡಿತೆಂಬುದನ್ನು ಒಪ್ಪಿಕೊಳ್ಳಬೇಕು. ಅಂಚಿನಲ್ಲಿ ‘ಚೆನ್ನಾಗಿದೆ’ ಎಂದು ಬರೆದದ್ದಲ್ಲದೆ, ಇನ್ನೆರಡು ವೈರುಧ್ಯಗಳನ್ನು ನಾನೇ ಸೂಚಿಸಿದ್ದೆ. ನೂರನೆಯ ಪುಟ ದಾಟಿದರೂ ಇವರಿಬ್ಬರು ಒಬ್ಬರನ್ನೊಬ್ಬರು ಯಾಕೆ ಇಷ್ಟಪಡುತ್ತಾರೆ ಎಂಬುದು ತಿಳಿಯುತ್ತಿರಲಿಲ್ಲ. ಆದರೆ ಆಕರ್ಷಣೆಗೆ ಕಾರಣ ಬೇಕಿಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಸಂಗೀತ ಸಂಯೋಜಕರಿಗೆ ನಾನು ಕಳಿಸಿದ ಟಿಪ್ಪಣಿಯೂ ಇದೇ ಬುದ್ಧಿಯದಾಗಿತ್ತು: ನಾಯಕಿಗೆ ಉಲ್ಲಾಸದ ರಾಗ, ನಾಯಕನಿಗೆ ಗಂಭೀರ ರಾಗ, ಎರಡಕ್ಕೂ ಎಲ್ಲಿಯೂ ಹೋಲಿಕೆ ಇರಬಾರದು. ಅವರು ನಾನು ಕೇಳಿದ್ದನ್ನೇ ಮಾಡಿ ಕಳಿಸಿದರು. ಕೀಬೋರ್ಡು, ತಬಲಾ ಮತ್ತು ಚಪ್ಪಾಳೆಯ ಒಂದು ಹಾಡು. ಕೊಳಲು ಅಳುವ ಇನ್ನೊಂದು ಹಾಡು. ಬಿಡಿಯಾಗಿ ಕೇಳಿದರೆ ಎರಡರಲ್ಲಿಯೂ ತಪ್ಪಿರಲಿಲ್ಲ. ಅಧ್ಯಾಯದ ಪಕ್ಕದಲ್ಲಿಟ್ಟು ಕೇಳಿದಾಗ ಮಾತ್ರ ಮೊದಲನೆಯದು ಜವಳಿ ಅಂಗಡಿಯ ಜಾಹೀರಾತಿನಂತೆಯೂ ಎರಡನೆಯದು ಶ್ರದ್ಧಾಂಜಲಿಯಂತೆಯೂ ಕೇಳಿಸಿತು. ದೋಷ ಸಂಗೀತದಲ್ಲಿದೆಯೆಂದು ತಿಳಿದು, ಅದನ್ನು ಹೇಳಲು ನಾನು ಅವರ ಮನೆಗೆ ಹೋದೆ.

ಸಂಯೋಜಕರ ತಂದೆ ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಾದ ದಾವಣಗೆರೆಯಲ್ಲಿ ಅಂಥ ಮನೆಗಳು ಇನ್ನೂ ಕೆಲವು ಉಳಿದಿವೆ. ನನ್ನ ಆಕ್ಷೇಪವನ್ನೆಲ್ಲ ಕೇಳಿಸಿಕೊಂಡ ಅವರು ಉತ್ತರ ಕೊಡದೆ ತಂದೆಯ ಪೆಟ್ಟಿಗೆಯನ್ನು, ಅಂದರೆ ಹಾರ್ಮೋನಿಯಂ ಅನ್ನು, ಎಳೆದುಕೊಂಡರು. ಅದರಲ್ಲಿ ಬೆರಳು ಒತ್ತುವ ಪಟ್ಟಿಗಳಿಗೆ ಮನೆಗಳೆಂದು ಹೆಸರು, ಐದು ಕರಿ ಮನೆಗಳನ್ನು ಕರಿ ಒಂದು, ಕರಿ ಎರಡು ಎಂದು ಎಣಿಸುತ್ತಾರೆ. ನನ್ನ ಕೈಯಲ್ಲಿದ್ದ ಕರಡು ಪುಟದ ಮೂಲೆಯನ್ನು ಹರಿದು, ಎರಡು ಚೂರು ಮಾಡಿ, ಮಡಿಸಿ, ಕರಿ ಮೂರರ ಮತ್ತು ಕರಿ ಒಂದರ ಪಕ್ಕದ ಸಂದಿಗಳಿಗೆ ಸಿಕ್ಕಿಸಿ ಆ ಎರಡು ಮನೆಗಳು ಒತ್ತಿಕೊಂಡೇ ಇರುವಂತೆ ಮಾಡಿದರು. ಎಡಗೈ ತಿದಿ ಒತ್ತುವುದರಿಂದ ಶ್ರುತಿ, ಅಂದರೆ ಹಿನ್ನೆಲೆಯಲ್ಲಿ ಬಿಡದೆ ಕೇಳಿಸುವ ಆಧಾರ ಸ್ವರ, ಹಿಡಿಯಲು ಕೈ ಉಳಿಯುವುದಿಲ್ಲ, ನಾಟಕದವರ ಉಪಾಯ ಇದು ಎಂದರು. ಆಮೇಲೆ ಬಲಗೈಯಿಂದ ಕರಿ ಮನೆಗಳನ್ನು ಮಾತ್ರ, ಒಂದು ಬಿಳಿ ಮನೆಯನ್ನೂ ಮುಟ್ಟದೆ, ಕರಿ ಮೂರರಿಂದ ಮೇಲಕ್ಕೆ ನುಡಿಸಿದರು. ಅದು ಮೋಹನ, ಹಿಂದೂಸ್ತಾನಿಯವರು ಭೂಪ್ ಎನ್ನುವ ರಾಗಕ್ಕೆ ಇರುವುದೂ ಇವೇ ಸ್ವರಗಳು. ಸ, ರಿ, ಗ, ಪ, ದ ಎಂಬ ಐದು ಸ್ವರಗಳು, ಬೆಳಗಿನ ಅಂಗಳದಂತೆ ತೆರೆದುಕೊಂಡ ರಾಗ. ‘ಇದು ನಿಮ್ಮ ಹುಡುಗಿ’ ಎಂದರು. ಕಾಗದದ ಚೂರುಗಳನ್ನು ತೆಗೆದು ಈಗ ಕರಿ ಐದು ಮತ್ತು ಕರಿ ಎರಡು ಒತ್ತಿಕೊಳ್ಳುವಂತೆ ಸಿಕ್ಕಿಸಿ, ಮತ್ತೆ ಅವೇ ಐದು ಕರಿ ಮನೆಗಳನ್ನು, ಈ ಬಾರಿ ಕರಿ ಐದರಿಂದ ಆರಂಭಿಸಿ ನುಡಿಸಿದರು. ಕೋಣೆಯ ಬೆಳಕೇ ಕುಗ್ಗಿದಂತಾಯಿತು. ಅದು ಹಿಂದೋಳ, ನಾಟಕದವರ ಬಾಯಲ್ಲಿ ಮಾಲ್‌ಕೌಂಸ್, ನಡುರಾತ್ರಿಯ ರಾಗ. ‘ಇದು ನಿಮ್ಮ ಹುಡುಗ.’

ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ಒಂದು ಮನೆಯೂ ಬದಲಾಗಿರಲಿಲ್ಲ. ಬದಲಾದದ್ದು ಷಡ್ಜ (ಸ) ಮಾತ್ರ, ಅಂದರೆ ಯಾವ ಮನೆಯನ್ನು ತನ್ನ ನೆಲೆಯೆಂದು ಕಿವಿ ಒಪ್ಪಿಕೊಂಡಿದೆಯೋ ಅದು. ಸಂಗೀತಗಾರರು ಇದನ್ನು ಗ್ರಹಭೇದ ಎನ್ನುತ್ತಾರೆ: ಮೋಹನದ ಗಾಂಧಾರವನ್ನು (ಗ) ಷಡ್ಜವೆಂದು ಎಣಿಸಿದರೆ ಉಳಿದ ಸ್ವರಗಳೆಲ್ಲ ತಾವಾಗಿಯೇ ಹಿಂದೋಳದ ಸ್ಥಾನಗಳಲ್ಲಿ ಕೂರುತ್ತವೆ. ಮೋಹನದಲ್ಲಿ ಪಂಚಮ (ಪ) ಇದೆ, ಹಿಂದೋಳದಲ್ಲಿ ಪಂಚಮವೇ ಇಲ್ಲ. ಮಾಲ್‌ಕೌಂಸ್ ಹಾಡುವವರು ತಂಬೂರಿಯನ್ನು ಮಧ್ಯಮಕ್ಕೆ (ಮ) ಕೂಡಿಸಿಕೊಳ್ಳುವುದು ಅದಕ್ಕಾಗಿಯೇ, ಕಾಗದದ ಒಂದು ಚೂರು ಕರಿ ಎರಡಕ್ಕೆ ಸರಿದದ್ದೂ ಅದಕ್ಕಾಗಿಯೇ. ಇಷ್ಟನ್ನು ತೋರಿಸಿ ಅವರು, ‘ಹೋಲಿಕೆ ಇರಬಾರದು ಅಂತ ಬರೆದಿದ್ರಿ. ಹೋಲಿಕೆ ಇಲ್ಲದಿದ್ರೆ ಇವರಿಬ್ರು ಒಂದೇ ಪುಸ್ತಕದಾಗೆ ಯಾಕೆ ಇರ್ತಾರೆ?’ ಎಂದು ಕೇಳಿದರು.

ಆ ಪ್ರಶ್ನೆಯನ್ನು ಕೇಳಬೇಕಾದವರು ಸಂಪಾದಕರು. ನಾನು ಸಂಬಳ ಪಡೆಯುವುದೇ ಅದಕ್ಕಾಗಿ.

ಮರುದಿನ ಲೇಖಕಿಯೊಂದಿಗೆ ಕೂತು, ಹಸ್ತಪ್ರತಿಯ ಅಂಚಿನಲ್ಲಿ ನಾನು ಬರೆದಿದ್ದ ‘ಚೆನ್ನಾಗಿದೆ’ಗಳನ್ನೆಲ್ಲ ಹೊಡೆದುಹಾಕಿ, ಇವರಿಬ್ಬರೂ ಒಂದೇ ರೀತಿ ಮಾಡುವ ಕೆಲಸ ಯಾವುದು ಎಂದು ಕೇಳಿದೆ. ಅವರಿಗೆ ತಕ್ಷಣ ಹೇಳಲಾಗಲಿಲ್ಲ. ಮೊದಲು ನಾಯಕಿಯ ಊರನ್ನೇ ಹಿಡಿದೆವು. ನಾಲೆಯ ಊರು ಎಂದರೆ ಸದಾ ನೀರಿರುವ ಊರೆಂದು ನಾವಿಬ್ಬರೂ ಸುಮ್ಮನೆ ನಂಬಿದ್ದೆವು. ಆದರೆ ಅಚ್ಚುಕಟ್ಟಿನ ಕೊನೆ ಭಾಗದ ರೈತರು ನೀರು ತಲುಪಲಿಲ್ಲವೆಂದು ರಸ್ತೆಗಿಳಿಯುವುದನ್ನು ದಾವಣಗೆರೆ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಾಯಕಿಯ ಹೊಲವನ್ನು ನಾಲೆಯ ಕೊನೆಗೆ ಸರಿಸಿದೊಡನೆ ಅವಳ ತಂದೆ ರಾತ್ರಿ ಬ್ಯಾಟರಿ ಹಿಡಿದು ತೂಬು ಕಾಯುವವರಾದರು. ಅತ್ತ ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ ನಾಯಕನ ತಂದೆ ಮೋಡ ಕಾಯುತ್ತಾರೆ. ಇಬ್ಬರೂ ಬೆಳೆದದ್ದು ನೀರಿಗಾಗಿ ಕಾಯುವ ಮನೆಗಳಲ್ಲಿ. ಒಬ್ಬಳಿಗೆ ಅದು ಜಗಳವಾಯಿತು, ಆದ್ದರಿಂದ ಮಾತು ಕಲಿತಳು. ಇನ್ನೊಬ್ಬನಿಗೆ ಜಗಳವಾಡಲು ಎದುರಿಗೆ ಯಾರೂ ಇರಲಿಲ್ಲ, ಆದ್ದರಿಂದ ಮೌನ ಕಲಿತ. ನಾವು ವಿರುದ್ಧ ಧ್ರುವಗಳೆಂದು ಕರೆಯುತ್ತಿದ್ದ ಈ ಎರಡು ಸೀಮೆಗಳು 1997ರವರೆಗೆ ಒಂದೇ ಜಿಲ್ಲೆಯಾಗಿದ್ದವೆಂಬುದು ಆಗಲೇ ನನಗೆ ನೆನಪಾದದ್ದು.

ಇದರಿಂದ ಹೆಚ್ಚು ಬದಲಾದದ್ದು ಬೆಣ್ಣೆದೋಸೆ ಹೋಟೆಲಿನ ದೃಶ್ಯ. ಹಳೆಯ ಕರಡಿನಲ್ಲಿ ಅವಳು ಅರ್ಧ ಲೋಟ ನೀರು ಬಿಟ್ಟು ಏಳುತ್ತಾಳೆ, ಅವನು ಅದನ್ನು ನೋಡಿ ಸಿಟ್ಟಾಗುತ್ತಾನೆ, ವಾದ ಬೆಳೆಯುತ್ತದೆ. ಹೊಸ ಕರಡಿನಲ್ಲಿ ಅವನು ತನ್ನ ಲೋಟದ ನೀರನ್ನು ತಳದವರೆಗೆ ಕುಡಿದು ಮುಗಿಸುತ್ತಾನೆ. ಎದುರಿಗೆ ಅವಳು ಮಾತಾಡುತ್ತಲೇ ದೋಸೆಯ ಕೊನೆಯ ಚೂರಿನಿಂದ ತಟ್ಟೆಯ ಮೇಲಿನ ಬೆಣ್ಣೆಯನ್ನೂ ಆಲೂಗಡ್ಡೆ ಪಲ್ಯದ ಕೊನೆಯ ಅಗುಳನ್ನೂ ಒರೆಸಿ ತಿನ್ನುತ್ತಾಳೆ. ಏಳುವಾಗ ಅವನು ಅವಳ ತಟ್ಟೆ ನೋಡುತ್ತಾನೆ, ಅವಳು ಅವನ ಲೋಟ ನೋಡುತ್ತಾಳೆ. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ. ಮೂರೂವರೆ ಪುಟದ ವಾದ ಹೋಗಿ ಹನ್ನೊಂದು ಸಾಲು ಉಳಿಯಿತು. ಸೀರೆಯ ಸಾಲ ಮತ್ತು ಮೂರು ಅಂಗಿಗಳನ್ನು ನಾವು ತೆಗೆಯಲಿಲ್ಲ. ವೈರುಧ್ಯವೇ ಇಲ್ಲದಿದ್ದರೆ ಕಥೆಗೆ ಕೆಲಸವೇ ಇರುವುದಿಲ್ಲ.

ಹಾಡುಗಳ ಸಾಹಿತ್ಯದಲ್ಲಿ ಬೇರೆಯೇ ತೊಡಕಿತ್ತು. ಲೇಖಕಿಯೇ ಬರೆದಿದ್ದ ಸಾಲುಗಳು ಅಧ್ಯಾಯದಲ್ಲಿ ನಡೆದದ್ದನ್ನೇ ಪ್ರಾಸದಲ್ಲಿ ಮತ್ತೆ ಹೇಳುತ್ತಿದ್ದವು. ಕಂಪನಿ ನಾಟಕದಲ್ಲಿ ಪಾತ್ರಕ್ಕೆ ಮಾತಿನಲ್ಲಿ ಹೇಳಲಾಗದ್ದು ಬಂದಾಗ ಪೆಟ್ಟಿಗೆ ಎತ್ತಿಕೊಳ್ಳುತ್ತಿತ್ತು, ಹೇಳಿ ಮುಗಿದದ್ದಕ್ಕೆ ಅಲ್ಲ ಎಂದು ಸಂಯೋಜಕರು ನೆನಪಿಸಿದ ಮೇಲೆ ನಾಲ್ಕು ಹಾಡುಗಳನ್ನು ಪೂರ್ತಿ ಹೊಸದಾಗಿ ಬರೆಯಬೇಕಾಯಿತು. ಮೌನಿ ನಾಯಕನಿಗೆ ಹಾಡುಗಳಲ್ಲಿ ಹೆಚ್ಚು ಮಾತು ಸಿಕ್ಕಿತು, ನಾಯಕಿಯ ಹಾಡುಗಳಲ್ಲಿ ಪಲ್ಲವಿಯ ನಂತರ ಬರೀ ಆಲಾಪ. ಇನ್ನೊಂದು ವಿಷಯ ಕಚೇರಿಯಲ್ಲಿ ನಾವೇ ಪರೀಕ್ಷಿಸಿದಾಗ ತಿಳಿಯಿತು: ಮಾತಿರುವ ಹಾಡನ್ನು ಕೇಳುತ್ತ ಕಥೆ ಓದಲಾಗುವುದಿಲ್ಲ, ಕಿವಿಯ ಮಾತು ಕಣ್ಣಿನ ಮಾತನ್ನು ತಳ್ಳುತ್ತದೆ. ಒಂದೇ ಅಧ್ಯಾಯವನ್ನು ನಮ್ಮ ಕರಡು ತಿದ್ದುವವರು 9 ನಿಮಿಷದಲ್ಲಿ ಓದಿದರೆ ಮಾಲೀಕರು 16 ನಿಮಿಷ ತೆಗೆದುಕೊಂಡರು. ಆದ್ದರಿಂದ ಸಂಗೀತವನ್ನು ಓದಿನ ಹೆಜ್ಜೆಗೆ ಕೂಡಿಸುವ ಆಸೆ ಬಿಟ್ಟು, ಕೋಡುಗಳನ್ನೆಲ್ಲ ಅಧ್ಯಾಯದ ಕೊನೆಯ ಖಾಲಿ ಜಾಗಕ್ಕೆ ಹಾಕಿದೆವು.

ಆ ಕೋಡುಗಳು ನಮಗೆ ಒಂದು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪು) ಕಾಗದದ ದಂಡ ಹಾಕಿಸಿದವು. ಪುಟ ವಿನ್ಯಾಸ ನನ್ನದೇ. ಕೋಡಿನ ಸುತ್ತ ಮಲ್ಲಿಗೆ ಬಳ್ಳಿಯ ಅಂಚನ್ನು ಒತ್ತಾಗಿ ಹೆಣೆದಿದ್ದೆ. ತನ್ನ ದೋಷವನ್ನು ತಾನೇ ಸರಿಪಡಿಸಿಕೊಳ್ಳುವ ಅತಿ ಹೆಚ್ಚಿನ ಮಟ್ಟದಲ್ಲಿ ಮಾಡಿದ ಕೋಡು ಸುಮಾರು 30 ಶೇಕಡಾದಷ್ಟು ಕೆಟ್ಟರೂ ಓದಿಸಿಕೊಳ್ಳುತ್ತದೆ ಎಂದು ತಿಳಿದಿದ್ದರಿಂದ ಧೈರ್ಯವಾಗಿದ್ದೆ. ಆದರೆ ಆ ರಕ್ಷಣೆ ಕೋಡಿನ ಒಳಗಿನ ಚುಕ್ಕಿಗಳಿಗೆ ಮಾತ್ರ. ನಾಲ್ಕೂ ಬದಿಯಲ್ಲಿ ನಾಲ್ಕು ಚುಕ್ಕಿಗಳಷ್ಟು ಅಗಲದ ಖಾಲಿ ಜಾಗ ಇಲ್ಲದಿದ್ದರೆ ಎಷ್ಟೋ ಫೋನುಗಳು ಕೋಡು ಎಲ್ಲಿ ಆರಂಭವಾಗುತ್ತದೆ ಎಂಬುದನ್ನೇ ಗುರುತಿಸುವುದಿಲ್ಲ. ಪರದೆಯ ಮೇಲೆ ದೊಡ್ಡದಾಗಿ ತೋರಿಸಿ ಪರೀಕ್ಷಿಸಿದ್ದೆನೇ ಹೊರತು ಅಚ್ಚಾದ ಕಾಗದದಿಂದ ಪರೀಕ್ಷಿಸಿರಲಿಲ್ಲ. ಮೊದಲ 16 ಪುಟಗಳ ಫಾರಂನ ಒಂದು ಬದಿ 500 ಪ್ರತಿಗಳಷ್ಟು ಅಚ್ಚಾದ ಮೇಲೆ ಯಂತ್ರದ ಹುಡುಗನೇ ತನ್ನ ಫೋನು ಹಿಡಿದು, ‘ಸಾರ್, ಇದು ಏನೂ ಹಾಡಂಗಿಲ್ಲ’ ಎಂದ. ಈಗಲೂ ನಮ್ಮ ಕಚೇರಿಯಲ್ಲಿ ಆ ಹಾಳೆಗಳ ಹಿಂಬದಿಯಲ್ಲಿಯೇ ಲೆಕ್ಕ ಬರೆಯಲಾಗುತ್ತದೆ.

ಹಕ್ಕಿನ ವಿಷಯದಲ್ಲಿ ಮಾತ್ರ ಮೊದಲೇ ಎಚ್ಚರವಿತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಒಂದು ಹಾಡಿನಲ್ಲಿ ಸಾಹಿತ್ಯ, ಸಂಗೀತ ಮತ್ತು ಧ್ವನಿಮುದ್ರಣ ಎಂಬ ಮೂರು ಬೇರೆ ಬೇರೆ ಸ್ವತ್ತುಗಳಿರುತ್ತವೆ. ಸಾಹಿತ್ಯ ಲೇಖಕಿಯದು, ರಾಗಸಂಯೋಜನೆ ಸಂಯೋಜಕರದು, ಖರ್ಚು ಹಾಕಿದ ಕಾರಣ ಧ್ವನಿಮುದ್ರಣ ನಮ್ಮದು. 2012ರ ತಿದ್ದುಪಡಿಯ ನಂತರ ಸಾಹಿತ್ಯ ಬರೆದವರ ಮತ್ತು ಸಂಗೀತ ಕೊಟ್ಟವರ ಗೌರವಧನದ ಪಾಲನ್ನು ಸುಮ್ಮನೆ ಒಂದು ಸಹಿಯಿಂದ ಕಿತ್ತುಕೊಳ್ಳಲಾಗದು. ಮೂರನ್ನೂ ಒಂದೇ ಪುಟದ ಕರಾರಿನಲ್ಲಿ ಬರೆದು ಮೂವರೂ ಸಹಿ ಮಾಡಿದೆವು.

ಕೊನೆಯ ಹಾಡಿನ ಬಗ್ಗೆ ಒಮ್ಮತ ಬರಲಿಲ್ಲ. ಕಾದಂಬರಿ ಮುಗಿಯುವಾಗ ನಾಯಕ ಶೇಂಗಾ ಕೀಳುವ ಕಾಲಕ್ಕೆ ಊರಿಗೆ ಹೊರಟಿರುತ್ತಾನೆ, ನಾಯಕಿ ಬಸ್ ನಿಲ್ದಾಣದಲ್ಲಿ ನಿಂತಿರುತ್ತಾಳೆ. ಮದುವೆಯಾಯಿತೋ ಇಲ್ಲವೋ ಪುಸ್ತಕ ಹೇಳುವುದಿಲ್ಲ. ಸಂಯೋಜಕರು ಅವೇ ಐದು ಮನೆಗಳಲ್ಲಿ ಕರಿ ನಾಲ್ಕನ್ನು ಷಡ್ಜ ಮಾಡಿಕೊಂಡು ನುಡಿಸಿದರು. ಅವಳ ನೆಲೆಯೂ ಅಲ್ಲ, ಅವನ ನೆಲೆಯೂ ಅಲ್ಲ, ಎರಡರ ನಡುವಿನ ಮನೆ. ಅಲ್ಲಿಂದ ಹೊರಟರೆ ಬರುವುದು ಮಧ್ಯಮಾವತಿ. ಲೇಖಕಿ ಒಪ್ಪಲಿಲ್ಲ. ಅದು ಸಂಗೀತ ಕಚೇರಿಯ ಕೊನೆಯಲ್ಲಿ ಮಂಗಳಕ್ಕೆ ಹಾಡುವ ರಾಗ, ಕೇಳಿದವರು ಎಲ್ಲವೂ ಸುಖವಾಯಿತೆಂದು ತಿಳಿಯುತ್ತಾರೆ, ನಾನು ಹಾಗೆ ಬರೆದಿಲ್ಲ ಎಂದರು. ಮಂಡಕ್ಕಿ ಮಿರ್ಚಿ ಎರಡು ಸಲ ತರಿಸಿದರೂ ವಾದ ಮುಗಿಯಲಿಲ್ಲ. ಪುಸ್ತಕ ಅವರದಾದ್ದರಿಂದ ಅವರ ಮಾತೇ ನಡೆಯಿತು. ಏಳನೆಯ ಕೋಡಿಗೆ ಫೋನು ಹಿಡಿದರೆ ಈಗ ಕೇಳಿಸುವುದು ಶ್ರುತಿಯಿಲ್ಲದ ಹಾರ್ಮೋನಿಯಂ: ಯಾವ ಮನೆಯಲ್ಲಿಯೂ ನಿಲ್ಲದೆ ಓಡಾಡುವ ಅವೇ ಐದು ಸ್ವರಗಳು. ನನ್ನ ಮತ ಈಗಲೂ ಸಂಯೋಜಕರ ಕಡೆಗಿದೆ. ಬೇರೆ ಪುಸ್ತಕದ ಕೆಲಸಕ್ಕೆಂದು ಅವರ ಮನೆಗೆ ಹೋದಾಗಲೆಲ್ಲ, ಚಹಾ ಬರುವುದರೊಳಗೆ ಒಮ್ಮೆ ಆ ಮಧ್ಯಮಾವತಿಯನ್ನು ನುಡಿಸಿ ಎಂದು ಕೇಳುತ್ತೇನೆ. ಕಾಗದದ ಚೂರುಗಳು ಇನ್ನೂ ಆ ಪೆಟ್ಟಿಗೆಯ ಸಂದಿಗಳಲ್ಲಿಯೇ ಇವೆ.