ಸಿಹಿ ಸೋಯಾ ಸಾಸ್ ಮನೆಯಲ್ಲೇ ಕಾಯಿಸಿದ ಒಂದು ದಿನ

ಇಂಡೋನೇಷ್ಯಾದ ಅಡುಗೆಗೆ ಕೈಹಾಕಿದವರಿಗೆ ಕೆಚಪ್ ಮನಿಸ್ ಎಂಬ ಸಿಹಿ ಸೋಯಾ ಸಾಸ್ ಇಲ್ಲದೆ ಹೆಜ್ಜೆ ಮುಂದಕ್ಕೆ ಹೋಗುವುದಿಲ್ಲ. ನಾಸಿ ಗೊರೆಂಗ್ ಅನ್ನದ ಕಂದು ಬಣ್ಣ, ಸಾತೆ ಕಡ್ಡಿಗಳ ಮೇಲಿನ ಹೊಳಪು, ಸೆಮೂರ್ ಮಾಂಸಕ್ಕೆ ಅಂಟಿಕೊಂಡ ಗಟ್ಟಿ ರಸ, ಎಲ್ಲದಕ್ಕೂ ಅದೇ ಬೇಕು. ಬಾಟಲಿ ಸಿಗದಿದ್ದರೆ ಸೋಯಾ ಸಾಸ್‌ಗೆ ಸ್ವಲ್ಪ ಸಕ್ಕರೆ ಕಲಸಿಕೊಳ್ಳಿ ಎನ್ನುವುದು ಎಲ್ಲರೂ ಕೊಡುವ ಸಲಹೆ. ಕೆಡುವುದು ಆ ‘ಸ್ವಲ್ಪ’ದಲ್ಲೇ. ಅಸಲಿ ಸಾಸ್‌ನಲ್ಲಿ ತೂಕದ ಅರ್ಧದಷ್ಟು, ಎಷ್ಟೋ ಸಲ ಅದಕ್ಕಿಂತ ಹೆಚ್ಚು, ಬೆಲ್ಲವೇ ಇರುತ್ತದೆ. ಅಂದರೆ ಇದು ಸೋಯಾ ಬೆರೆಸಿದ ಬೆಲ್ಲದ ಪಾಕ. ಹಾಗೆಂದುಕೊಂಡು ಶುರುಮಾಡಿದರೆ ಅಳತೆಗಳು ತಾವಾಗಿಯೇ ಸರಿಹೋಗುತ್ತವೆ.

ಈ ದಿನ ಒಲೆ ಹಚ್ಚಿದ್ದು ಮೂರು ಬಗೆಯ ಸಿಹಿಯನ್ನು ಒಂದೇ ಸೋಯಾ ಸಾಸ್‌ನಲ್ಲಿ ಕಾಯಿಸಿ ಹೋಲಿಸಲು. ಮೂರಕ್ಕೂ ಒಂದೇ ಲೆಕ್ಕ: 200 ಮಿಲಿ ಸೋಯಾ ಸಾಸ್, 300 ಗ್ರಾಂ ಸಿಹಿ, 100 ಮಿಲಿ ನೀರು, ಒಂದು ಚಕ್ರಮೊಗ್ಗು, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಮೂರು ಬಿಲ್ಲೆ ಗಲಂಗಲ್ (ಶುಂಠಿ ಜಾತಿಯ ಗೆಡ್ಡೆ). ಗಲಂಗಲ್ ಇಲ್ಲದಿದ್ದರೆ ಶುಂಠಿ ಆದೀತು, ಆದರೆ ಎರಡೇ ಬಿಲ್ಲೆ ಸಾಕು. ಶುಂಠಿಯ ಖಾರ ಸಾಸ್‌ನಲ್ಲಿ ಮೇಲೆದ್ದು ಕಾಣುತ್ತದೆ.

ಸೋಯಾ ಸಾಸ್ ಕೊಳ್ಳುವಾಗ ಬಾಟಲಿಯ ಹಿಂಬದಿ ಓದಬೇಕು. ಸೋಯಾ, ಗೋಧಿ, ಉಪ್ಪು, ನೀರು ಇಷ್ಟೇ ಇದ್ದರೆ ಅದು ಹುದುಗಿಸಿ ಮಾಡಿದ್ದು. ಹೈಡ್ರೊಲೈಸ್ಡ್ ಪ್ರೋಟೀನ್ ಎಂದಿದ್ದರೆ ಆಮ್ಲದಿಂದ ಬೇಗ ತಯಾರಿಸಿದ್ದು. ಅದರ ಒರಟು ವಾಸನೆ ಕಾಯಿಸಿದಂತೆ ಇನ್ನಷ್ಟು ಎದ್ದು ಬರುತ್ತದೆ, ಎಷ್ಟು ಬೆಲ್ಲ ಹಾಕಿದರೂ ಮುಚ್ಚುವುದಿಲ್ಲ. ಗೋಧಿ ಆಗದವರು ಗೋಧಿ ಇಲ್ಲದ ತಮಾರಿ ಎಂಬ ಜಪಾನಿ ಸೋಯಾ ಸಾಸ್ ಬಳಸಬಹುದು. ಡಾರ್ಕ್ ಸೋಯಾ ಸಾಸ್ ಬಣ್ಣ ಕೊಡುತ್ತದೆ ನಿಜ, ಆದರೆ ಪೂರ್ತಿ ಅದನ್ನೇ ಹಾಕಿದರೆ ರುಚಿ ಮಂಕಾಗುತ್ತದೆ. 200 ಮಿಲಿಯಲ್ಲಿ ಎರಡು ಟೇಬಲ್ ಚಮಚ ಅದಿದ್ದರೆ ಸಾಕು.

ಮೊದಲ ಪಾತ್ರೆ ತಾಳೆ ಬೆಲ್ಲದ್ದು. ಜಾವಾದ ಗುಲಾ ಜಾವಾ ಬೆಲ್ಲ ಹೆಚ್ಚಾಗಿ ತೆಂಗಿನ ಹೊಂಬಾಳೆಯ ರಸದಿಂದ ಬರುವಂಥದ್ದು, ಗುಲಾ ಅರೆನ್ ಬೇರೊಂದು ತಾಳೆ ಜಾತಿಯ ಮರದ್ದು. ಹಾಗಾಗಿ ತೆಂಗಿನ ಸಕ್ಕರೆ ಅಥವಾ ತಾಳೆ ಬೆಲ್ಲ ಸಿಕ್ಕರೆ ಅದೇ ಅತ್ಯಂತ ಹತ್ತಿರದ ಆಯ್ಕೆ, ಬಣ್ಣ ಗಾಢವಾಗಿದ್ದಷ್ಟೂ ಒಳ್ಳೆಯದು. ಬೆಲ್ಲವನ್ನು ಪುಡಿಮಾಡಿ ನೀರಿನಲ್ಲಿ ಸಣ್ಣ ಉರಿಯಲ್ಲಿ ಪೂರ್ತಿ ಕರಗಿಸಿ, ಸೋಯಾ ಸೇರಿಸುವ ಮೊದಲೇ ಸೋಸಬೇಕು. ಕಸ, ಮರಳು ಎಲ್ಲ ಅಲ್ಲೇ ನಿಲ್ಲುತ್ತದೆ. ಕೊನೆಗೆ ಸೋಸೋಣ ಎಂದರೆ ಗಟ್ಟಿ ಪಾಕ ಜಾಲರಿಯಲ್ಲಿ ಇಳಿಯುವುದೇ ಇಲ್ಲ. ಸೋಸಿದ ನೀರನ್ನು ಮತ್ತೆ ಒಲೆಗಿಟ್ಟು ಸೋಯಾ ಸಾಸ್, ಮಸಾಲೆ ಹಾಕಿ ಉರಿ ತಗ್ಗಿಸಬೇಕು.

ಪಾತ್ರೆ ದೊಡ್ಡದಿರಲಿ, ಹಾಕಿದ ದ್ರವದ ಮೂರರಷ್ಟು ಹಿಡಿಸುವಂಥದ್ದು. ಸೋಯಾದ ಪ್ರೋಟೀನ್ ಅಂಶ ಸಿಹಿಯೊಂದಿಗೆ ಸೇರಿ ಗಟ್ಟಿ ನೊರೆ ಕಟ್ಟುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಉಕ್ಕಿ ಒಲೆಯ ತುಂಬಾ ಹರಿಯುತ್ತದೆ. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವಷ್ಟೇ ಉರಿ ಬೇಕು. ಜೋರಾಗಿ ಕುದಿಸಿದರೆ ಸೋಯಾದ ಪರಿಮಳವೆಲ್ಲ ಹಾರಿಹೋಗುತ್ತದೆ, ತಳದಲ್ಲಿ ಸೀದು ಕಹಿಯಾಗುತ್ತದೆ. ಆ ಕಹಿಯನ್ನು ತೆಗೆಯಲು ದಾರಿಯೇ ಇಲ್ಲ, ಚೆಲ್ಲಿ ಹೊಸದಾಗಿ ಮಾಡಬೇಕಷ್ಟೆ.

ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಇಲ್ಲಿನ ಕಷ್ಟದ ಪ್ರಶ್ನೆ. ಎಳೆ ಪಾಕದ ಪರೀಕ್ಷೆ ಕೈಗೆ ರೂಢಿಯಾದವರು ಒಂದೆಳೆ ಬರಲಿ ಎಂದು ಕಾಯುತ್ತಾರೆ. ಬಿಸಿಯಲ್ಲೇ ಎಳೆ ಬಂತೆಂದರೆ ಮೀರಿತು ಎಂದರ್ಥ, ಆರಿದ ಮೇಲೆ ಬಾಟಲಿಯಿಂದ ಬೀಳುವುದಿಲ್ಲ. ಸಕ್ಕರೆ ಪಾಕದ ಥರ್ಮಾಮೀಟರ್ ಗುರುತುಗಳೂ ಹೊಂದುವುದಿಲ್ಲ, ಸೋಯಾದ ಉಪ್ಪು ಕುದಿಯುವ ಬಿಂದುವನ್ನು ಇನ್ನಷ್ಟು ಏರಿಸುತ್ತದೆ. ನಂಬಬಹುದಾದದ್ದು ತಕ್ಕಡಿ. ಖಾಲಿ ಪಾತ್ರೆಯ ತೂಕ ಬರೆದಿಟ್ಟುಕೊಳ್ಳಿ. ಮೇಲಿನ ಅಳತೆಯಲ್ಲಿ ಶುರುವಿಗೆ ಸುಮಾರು 630 ಗ್ರಾಂ ದ್ರವ ಇರುತ್ತದೆ. ಅದು 500 ಗ್ರಾಂ ಆಸುಪಾಸಿಗೆ ಇಳಿದಾಗ ಒಲೆಯಿಂದ ತೆಗೆಯಬೇಕು. ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ, ಪಾತ್ರೆ ಅಗಲವಿದ್ದರೆ ಇನ್ನೂ ಬೇಗ. ತಕ್ಕಡಿ ಇಲ್ಲದಿದ್ದರೆ ತಣ್ಣನೆಯ ತಟ್ಟೆಗೆ ಒಂದು ಹನಿ ಬಿಟ್ಟು ಒಂದು ನಿಮಿಷ ಕಾದು ಓರೆಮಾಡಿ ನೋಡಿ: ಜೇನಿನಂತೆ ನಿಧಾನವಾಗಿ ಜಾರಬೇಕು. ಬಿಸಿಯಲ್ಲಿ ತೆಳ್ಳಗೆ ಕಂಡರೆ ಗಾಬರಿ ಬೇಡ. ಹೆಚ್ಚು ಗಟ್ಟಿಯಾದರೆ ಒಂದೊಂದೇ ಚಮಚ ಬಿಸಿನೀರು ಬೆರೆಸಿ ಸರಿಮಾಡಬಹುದು, ಹಾಗಾಗಿ ತುಸು ತೆಳುವಾಗಿ ಇಳಿಸಿದವರಿಗೂ ತುಸು ಗಟ್ಟಿಯಾಗಿ ಇಳಿಸಿದವರಿಗೂ ನಷ್ಟವಿಲ್ಲ.

ಎರಡನೆಯದು ಬ್ರೌನ್ ಶುಗರ್. ಅಂಗಡಿಯ ಬ್ರೌನ್ ಶುಗರ್ ಬಹುಪಾಲು ಬಿಳಿ ಸಕ್ಕರೆಗೆ ಕಾಕಂಬಿ ಲೇಪಿಸಿದ್ದು. ಗಾಢ ಬಣ್ಣದ್ದನ್ನೇ ಆರಿಸಿದರೆ ಫಲಿತಾಂಶ ಚೆನ್ನಾಗಿಯೇ ಇರುತ್ತದೆ, ತಾಳೆ ಬೆಲ್ಲದ ಹೊಗೆ ಮಿಶ್ರಿತ ಘಮ ಮಾತ್ರ ಸಿಗದು. ಅದನ್ನು ತುಂಬಲು ಕಾಕಂಬಿ ಸುರಿಯುವವರಿದ್ದಾರೆ. ಒಂದು ಟೇಬಲ್ ಚಮಚ ದಾಟಿದರೆ ಅದರ ಕಹಿಯೇ ಮುಂದಾಗುತ್ತದೆ.

ಮೂರನೆಯದು ಬಿಳಿ ಸಕ್ಕರೆ. ಇದನ್ನು ಹಾಗೇ ಕರಗಿಸಿದರೆ ಬರೀ ಉಪ್ಪು-ಸಿಹಿ ನೀರು. 300 ಗ್ರಾಂನಲ್ಲಿ 100 ಗ್ರಾಂ ಅನ್ನು ಒಣ ಪಾತ್ರೆಯಲ್ಲಿ ಕರಗಿಸಿ ಗಾಢ ಕಂದು ಬರುವವರೆಗೆ ಕ್ಯಾರಮೆಲ್ ಮಾಡಿ, ಒಲೆ ಆರಿಸಿ, ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ತಣ್ಣೀರು ಸುರಿದರೆ ಸಿಡಿಯುತ್ತದೆ, ಸಕ್ಕರೆ ಕಲ್ಲಿನಂತೆ ಹೆಪ್ಪುಗಟ್ಟುತ್ತದೆ. ಆಮೇಲೆ ಉಳಿದ ಸಕ್ಕರೆ, ಬೆಚ್ಚಗೆ ಮಾಡಿದ ಸೋಯಾ, ಮಸಾಲೆ. ಬಿಳಿ ಸಕ್ಕರೆಯ ಪಾಕ ಬಾಟಲಿಯಲ್ಲಿ ಹರಳುಗಟ್ಟುವುದು ಹೆಚ್ಚು. ಒಂದು ಟೀ ಚಮಚ ನಿಂಬೆರಸ ಹಾಕಿ ಕಾಯಿಸಿದರೆ ಸಕ್ಕರೆಯ ಒಂದು ಭಾಗ ಒಡೆದು ಹರಳು ಕಟ್ಟುವುದು ಕಡಿಮೆಯಾಗುತ್ತದೆ. ಬಣ್ಣದಲ್ಲಿ ಇದೇ ಎಲ್ಲಕ್ಕಿಂತ ಅಂದ, ರುಚಿಯಲ್ಲಿ ಕೊನೆಯ ಸ್ಥಾನ.

ಜೇನನ್ನು ಬದಲಿಯಾಗಿ ಹೇಳುವವರಿದ್ದಾರೆ, ಹೂವಿನ ಪರಿಮಳ ಸೋಯಾಕ್ಕೆ ಕೂಡುವುದಿಲ್ಲ, ಕೆಂಡದ ಮೇಲೆ ಬೇಗ ಕಪ್ಪಾಗುತ್ತದೆ. ಚೀನೀ ಅಡುಗೆಯ ಸಿಹಿ ಹೊಯ್ಸಿನ್ ಸಾಸ್ ಬೇರೆಯೇ ದಾರಿಯದು.

ಮೂರೂ ಸಾಸ್‌ಗಳನ್ನು ಬಿಸಿ ಅಡುಗೆಯಲ್ಲಿ ಬಳಸಿ ನೋಡುವ ಮೊದಲು ಸಾಂಬಾಲ್ ಕೆಚಪ್ ಮಾಡಿ ನೋಡುವುದು ಒಳ್ಳೆಯದು: ಹೆಚ್ಚಿದ ಸಣ್ಣ ಈರುಳ್ಳಿ, ಹಸಿಮೆಣಸು, ನಿಂಬೆರಸ, ಮೇಲೆ ಸಾಸ್. ಇಲ್ಲಿ ಬೆಂಕಿಯ ಸಹಾಯವಿಲ್ಲ, ಸಾಸ್‌ನ ಒಂದು ದೋಷವೂ ಅಡಗುವುದಿಲ್ಲ. ತಾಳೆ ಬೆಲ್ಲದ್ದು ಮಾತ್ರ ಇಲ್ಲಿ ನಿಸ್ಸಂಶಯವಾಗಿ ಗೆಲ್ಲುತ್ತದೆ. ಹುರಿದ ಅನ್ನದಲ್ಲಿ ಬ್ರೌನ್ ಶುಗರ್‌ನದ್ದಕ್ಕೂ ಅದಕ್ಕೂ ಹೆಚ್ಚು ಅಂತರವಿಲ್ಲ. ಇಬ್ಬರಿಗಾಗುವ 400 ಗ್ರಾಂ ತಣ್ಣನೆಯ ಅನ್ನಕ್ಕೆ ಎರಡು ಟೇಬಲ್ ಚಮಚ ಸಾಕು. ಅನ್ನದ ಮೇಲೆ ಸುರಿಯದೆ ಕಾದ ಬಾಣಲೆಯ ಅಂಚಿಗೆ ಬಿಡಬೇಕು, ಬಿಸಿ ಲೋಹ ಮುಟ್ಟಿದ ಕ್ಷಣದ ಘಮವೇ ನಾಸಿ ಗೊರೆಂಗ್‌ನ ಘಮ. ಉಪ್ಪನ್ನು ಕೊನೆಗೆ ರುಚಿ ನೋಡಿಯೇ ಹಾಕಬೇಕು. ತೀರಾ ಅವಸರಕ್ಕೆ ಎರಡು ಚಮಚ ಪುಡಿ ಬೆಲ್ಲಕ್ಕೆ ಒಂದೂವರೆ ಚಮಚ ಸೋಯಾ ಸಾಸ್ ಬೆರೆಸಿ ಅರ್ಧ ನಿಮಿಷ ಬಿಸಿಮಾಡಿದರೂ ಅನ್ನಕ್ಕೆ ನಡೆಯುತ್ತದೆ. ಸಾತೆಗೆ ನಡೆಯುವುದಿಲ್ಲ: ತೆಳು ಮಿಶ್ರಣ ಮಾಂಸದ ಮೇಲೆ ನಿಲ್ಲದೆ ಕೆಂಡಕ್ಕೆ ತೊಟ್ಟಿಕ್ಕಿ ಹೊಗೆ ಎಬ್ಬಿಸುತ್ತದೆ. ಗಟ್ಟಿ ಸಾಸ್ ಅನ್ನೂ ಕೊನೆಯ ಎರಡು ನಿಮಿಷದಲ್ಲಿ ಸವರಬೇಕು, ಮೊದಲೇ ಸವರಿದರೆ ಒಳಗೆ ಬೇಯುವ ಮುನ್ನ ಹೊರಗೆ ಸುಟ್ಟಿರುತ್ತದೆ.

ಬಾಟಲಿಗೆ ತುಂಬುವ ಮುನ್ನ ಚಕ್ರಮೊಗ್ಗು, ಬೆಳ್ಳುಳ್ಳಿ, ಗಲಂಗಲ್ ಎಲ್ಲವನ್ನೂ ಬಿಸಿಯಿರುವಾಗಲೇ ಹೆಕ್ಕಿ ತೆಗೆಯಬೇಕು. ಚಕ್ರಮೊಗ್ಗು ಉಳಿದರೆ ವಾರದಲ್ಲಿ ಸಾಸ್ ಕಷಾಯದ ವಾಸನೆ ಹೊಡೆಯುತ್ತದೆ, ಬೆಳ್ಳುಳ್ಳಿ ಉಳಿದರೆ ಬೇಗ ಕೆಡುತ್ತದೆ. ಬಿಸಿನೀರಿನಲ್ಲಿ ಕುದಿಸಿ ಪೂರ್ತಿ ಒಣಗಿಸಿದ ಗಾಜಿನ ಬಾಟಲಿ, ಒಣ ಚಮಚ, ಫ್ರಿಜ್. ತಣ್ಣಗಾದ ಸಾಸ್ ಸುರಿಯಲು ಹಟ ಹಿಡಿದರೆ ಬಾಟಲಿಯನ್ನು ಬೆಚ್ಚನೆಯ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿ.